ಟಿಪ್ಸ್: ಇನಾಮೋ, ಸಂಬಳದ ಬಾಕಿಯೋ?

ಪ್ರವಾಸೋದ್ಯಮದ ಪಾಠಗಳಲ್ಲಿ ಟಿಪ್ಸ್ ವಿಚಾರ ಸಾಮಾನ್ಯವಾಗಿ ಮೂರು ಮಾತಿನಲ್ಲಿ ಮುಗಿದುಹೋಗುತ್ತದೆ: ಅಮೆರಿಕದಲ್ಲಿ ಕೊಡಲೇಬೇಕು, ಜಪಾನಿನಲ್ಲಿ ಕೊಡಬಾರದು, ಉಳಿದೆಡೆ ಅವರವರ ಇಷ್ಟ. ಇಷ್ಟನ್ನೇ ಬಾಯಿಪಾಠ ಮಾಡಿದವರ ಮುಂದೆ ‘ಏಕೆ ಹೀಗೆ?’ ಎಂಬ ಪ್ರಶ್ನೆ ಬಂದರೆ ಪೆನ್ನು ನಿಂತುಬಿಡುತ್ತದೆ. ಹಾಸನದಲ್ಲಿ ಓದುತ್ತ, ರಜೆಯಲ್ಲಿ ಚಿಕ್ಕಮಗಳೂರಿನ ಕಡೆಯ ಹೋಂಸ್ಟೇಯೊಂದರಲ್ಲಿ ಕೆಲಸ ಮಾಡಿದ ನನಗೆ ಈ ವಿಷಯ ತಿಳಿಯಾದದ್ದು ಎರಡು ಪ್ರಶ್ನೆಗಳನ್ನು ಜೊತೆಯಲ್ಲಿಟ್ಟುಕೊಂಡು ಓದಿದಾಗ. ಸೇವೆ ಮಾಡಿದವರ ಸಂಬಳ ಯಾರ ಹೊಣೆ ಎಂಬುದು ಮೊದಲನೆಯದು. ಕೊಡುವವರು, ಪಡೆಯುವವರಲ್ಲಿ ಯಾರು ಮೇಲೆ, ಯಾರು ಕೆಳಗೆ ಎಂಬುದು ಎರಡನೆಯದು.

ಎರಡನೆಯದರಿಂದಲೇ ಆರಂಭಿಸೋಣ, ಏಕೆಂದರೆ ಅದಕ್ಕೆ ಉತ್ತರ ನಮ್ಮ ನುಡಿಯಲ್ಲೇ ಇದೆ. ಕನ್ನಡದಲ್ಲಿ ಕೊಡುವ ಹಣಕ್ಕೆ ದಿಕ್ಕಿದೆ. ದೇವರಿಗೂ ಮಠಕ್ಕೂ ಸಲ್ಲುವುದು ಕಾಣಿಕೆ, ಪುರೋಹಿತರಿಗೆ ಸಲ್ಲುವುದು ದಕ್ಷಿಣೆ; ಇವೆರಡೂ ಮೇಲ್ಮುಖವಾಗಿ ಹೋಗುತ್ತವೆ. ಮದುವೆಮನೆಯಲ್ಲಿ ಸಮಾನರ ನಡುವೆ ನಡೆಯುವುದು ಮುಯ್ಯಿ; ಅದನ್ನು ಮುಂದೊಂದು ದಿನ ಹಿಂದಿರುಗಿಸಲೇಬೇಕು, ನಾಟಿಯ ಸಮಯದ ಮುಯ್ಯಾಳಿನ ಲೆಕ್ಕವೂ ಇದೇ. ಇನಾಮು ಮತ್ತು ಭಕ್ಷೀಸು ಮಾತ್ರ ಮೇಲಿನಿಂದ ಕೆಳಕ್ಕೆ ಇಳಿಯುತ್ತವೆ, ಹಿಂದಿರುಗುವುದಿಲ್ಲ. ಅರಸರು ಕೊಟ್ಟ ಜಮೀನಿಗೂ ಇನಾಮು ಎಂದೇ ಹೆಸರಿತ್ತು; 1954 ಮತ್ತು 1955ರ ಮೈಸೂರು ಕಾಯಿದೆಗಳು ಆ ಇನಾಮುಗಳನ್ನು ರದ್ದುಪಡಿಸಿದವು, ಹೋಟೆಲಿನ ಇನಾಮು ಉಳಿದುಕೊಂಡಿತು. ಈ ದಿಕ್ಕಿನ ಮುಜುಗರವನ್ನು ಮರೆಮಾಚಲೆಂದೋ ಏನೋ, ಅನೇಕ ಭಾಷೆಗಳು ಹಣದ ಮೇಲೆ ಪಾನೀಯದ ಹೆಸರನ್ನು ಹೊದಿಸಿವೆ. ಫ್ರೆಂಚರ ‘ಪೂರ್ಬ್ವಾರ್’, ಜರ್ಮನ್ನರ ‘ಟ್ರಿಂಕ್‌ಗೆಲ್ಟ್’ ಎರಡರ ಅರ್ಥವೂ ಕುಡಿಯುವುದಕ್ಕೆ ಕೊಡುವ ಹಣವೆಂದೇ. ರಷ್ಯನ್ನರದು ಚಹಾದ ಕಾಸು. ಕಾಫಿ ಬೆಳೆಯುವ ನಮ್ಮ ಸೀಮೆಯಲ್ಲಿ ‘ಕಾಫಿಗೆ ಏನಾದ್ರೂ ಕೊಡಿ ಸಾರ್’ ಎನ್ನುವುದು ಸಹಜವೇ.

ಹೋಂಸ್ಟೇಯಲ್ಲಿ ಈ ದಿಕ್ಕು ಕಣ್ಣಿಗೆ ಕಾಣುತ್ತದೆ. ಮನೆಯ ಯಜಮಾನಿ ತಾವೇ ನಿಂತು ಕಡುಬು ಬಡಿಸಿದಾಗ, ಊಟ ಎಷ್ಟೇ ರುಚಿಸಿದ್ದರೂ ಅತಿಥಿಗಳು ಅವರ ಕೈಗೆ ನೂರು ರೂಪಾಯಿಯ ನೋಟು ಇಡುವುದಿಲ್ಲ. ಇಟ್ಟರೆ ಅದು ಅವಮಾನವಾಗುತ್ತದೆಂದು ಯಾರೂ ಹೇಳಿಕೊಡದೆಯೇ ಅವರಿಗೆ ಗೊತ್ತು. ಆದರೆ ಕಡುಬಿನ ಹಿಟ್ಟು ಬೇಯಿಸಿದ, ಕೋಣೆ ಗುಡಿಸಿದ, ಬಿಸಿನೀರು ಹೊತ್ತು ತಂದ ಹೆಂಗಸಿಗೆ ಹೊರಡುವ ಬೆಳಿಗ್ಗೆ ನೋಟು ಸಿಗುತ್ತದೆ. ಇಬ್ಬರೂ ಮಾಡಿದ್ದು ಸೇವೆಯೇ. ಹಾಗಾದರೆ ಟಿಪ್ಸ್ ಸೇವೆಗಷ್ಟೇ ಸಲ್ಲುವ ಹಣವೆಂದು ಉತ್ತರಪತ್ರಿಕೆಯಲ್ಲಿ ಬರೆದರೆ ಅರ್ಧ ಅಂಕವನ್ನಷ್ಟೇ ನಿರೀಕ್ಷಿಸಬಹುದು.

ಈಗ ಅಮೆರಿಕ. ಅಲ್ಲಿ ಈ ಪದ್ಧತಿ ಊರಿಗೆ ಊರೇ ಒಪ್ಪಿಕೊಂಡು ಬಂದದ್ದಲ್ಲ; ಯುರೋಪು ಸುತ್ತಿ ಬಂದ ಸಿರಿವಂತರು ತಂದ ಈ ರೂಢಿ ಪ್ರಜಾಪ್ರಭುತ್ವಕ್ಕೆ ತಕ್ಕದ್ದಲ್ಲವೆಂಬ ವಿರೋಧ ಬಲವಾಗಿತ್ತು. 1909ರಲ್ಲಿ ವಾಷಿಂಗ್ಟನ್ ರಾಜ್ಯ ಅದನ್ನು ನಿಷೇಧಿಸಿತು, ಇನ್ನೂ ಕೆಲವು ರಾಜ್ಯಗಳು ಅದೇ ದಾರಿ ಹಿಡಿದವು, 1926ರ ಹೊತ್ತಿಗೆ ಅಂಥ ಎಲ್ಲ ಕಾನೂನುಗಳೂ ರದ್ದಾದವು. ಪದ್ಧತಿ ಬೇರುಬಿಟ್ಟದ್ದಕ್ಕೆ ಮುಖ್ಯ ಕಾರಣ ಅಂತರ್ಯುದ್ಧದ ನಂತರದ ಉದ್ಯೋಗಗಳಲ್ಲಿದೆ. ಗುಲಾಮಗಿರಿಯಿಂದ ಬಿಡುಗಡೆಯಾದ ಕಪ್ಪುಜನರನ್ನು ಪುಲ್‌ಮನ್ ಕಂಪನಿ ರೈಲಿನ ಮಲಗುವ ಬೋಗಿಗಳಲ್ಲಿ ಪರಿಚಾರಕರನ್ನಾಗಿ ನೇಮಿಸಿ, ಅತ್ಯಲ್ಪ ಸಂಬಳ ಕೊಟ್ಟು, ಉಳಿದುದನ್ನು ಪ್ರಯಾಣಿಕರ ಕೈಗೆ ಬಿಟ್ಟಿತು. 1925ರಲ್ಲಿ ಎ. ಫಿಲಿಪ್ ರ್‍ಯಾಂಡಾಲ್ಫ್ ಅವರ ಮುಂದಾಳತ್ವದಲ್ಲಿ ಈ ಪರಿಚಾರಕರು ಸಂಘ ಕಟ್ಟಿದರು. 1937ರಲ್ಲಿ ಕಂಪನಿ ಅವರೊಂದಿಗೆ ಒಪ್ಪಂದಕ್ಕೆ ಬಂದಿತು. ಆದರೂ 1966ರ ತಿದ್ದುಪಡಿಯೊಂದು ಟಿಪ್ಸ್ ಪಡೆಯುವ ನೌಕರರಿಗೆ ಮಾಲೀಕರು ಕಡಿಮೆ ಕೂಲಿ ಕೊಡುವುದನ್ನು ಕಾನೂನಾಗಿಸಿತು. ಅಲ್ಲಿನ ಕೇಂದ್ರ ಕನಿಷ್ಠ ಕೂಲಿ 2009ರಿಂದ ಗಂಟೆಗೆ 7.25 ಡಾಲರ್, ಟಿಪ್ಸ್ ಪಡೆಯುವವರಿಗೆ ಮಾಲೀಕರು ನೇರವಾಗಿ ಕೊಡಬೇಕಾದದ್ದು 1991ರಿಂದ ಕೇವಲ 2.13 ಡಾಲರ್. ನಡುವಿನ ಅಂತರವನ್ನು ಟಿಪ್ಸ್ ತುಂಬದಿದ್ದರೆ ಮಾಲೀಕರು ತುಂಬಬೇಕೆಂಬ ನಿಯಮವಿದೆ, ನಿಜ. ಆದರೂ ಅಲ್ಲಿ ಗಿರಾಕಿ ಬಿಟ್ಟುಹೋಗುವ ಶೇಕಡಾ 15ರಿಂದ 20ನ್ನು ಔದಾರ್ಯವೆನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ. ಅದು ಬೇರೊಬ್ಬರು ಕೊಡಬೇಕಾಗಿದ್ದ ಸಂಬಳದ ಬಾಕಿ. ಕ್ಯಾಲಿಫೋರ್ನಿಯಾದಂಥ ರಾಜ್ಯಗಳಲ್ಲಿ ಈ ಕಡಿಮೆ ಕೂಲಿಯ ಅವಕಾಶವೇ ಇಲ್ಲ; ಅಲ್ಲಿಯೂ ಟಿಪ್ಸ್ ನಿಂತಿಲ್ಲ. ಕಾರಣ ಹೋದಮೇಲೂ ರೂಢಿ ಉಳಿಯುತ್ತದೆಂಬುದಕ್ಕೆ ಇದು ಒಳ್ಳೆಯ ಉದಾಹರಣೆ.

ಒಳ್ಳೆಯ ಸೇವೆಗೆ ಹೆಚ್ಚು ಹಣವೆಂಬ ವಾದವೂ ಗಟ್ಟಿಯಲ್ಲ. ಕಾರ್ನೆಲ್ ವಿಶ್ವವಿದ್ಯಾಲಯದ ಮೈಕೆಲ್ ಲಿನ್ ಅವರ ಅಧ್ಯಯನಗಳು ಸೇವೆಯ ಗುಣಮಟ್ಟಕ್ಕೂ ಟಿಪ್ಸ್ ಮೊತ್ತಕ್ಕೂ ಇರುವ ನಂಟು ಬಹಳ ಸಡಿಲವೆಂದು ತೋರಿಸಿವೆ. ಅವರೇ 1993ರಲ್ಲಿ ಪ್ರಕಟಿಸಿದ ಇನ್ನೊಂದು ಪ್ರಯೋಗದಲ್ಲಿ, ಗಿರಾಕಿಯ ಮೇಜಿನ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕುಳಿತು ಮಾತಾಡಿಸಿದ ಪರಿಚಾರಕರಿಗೆ ಹೆಚ್ಚು ಹಣ ಸಿಕ್ಕಿತು. ಹಾಸನದ ಹೋಟೆಲಿನಲ್ಲಿ ಸಪ್ಲೈಯರ್ ಹಾಗೆ ಕುಳಿತರೆ ಏನೋ ಬಿದ್ದುಹೋಯಿತೆಂದು ನಾವೂ ಮೇಜಿನ ಕೆಳಗೆ ಬಗ್ಗಿ ನೋಡುತ್ತೇವೆ.

ಫ್ರಾನ್ಸಿನದು ನೇರ ಉತ್ತರ: ಸೇವೆಯ ಶುಲ್ಕ ಬೆಲೆಪಟ್ಟಿಯ ದರದೊಳಗೇ ಸೇರಿರಬೇಕೆಂಬ ನಿಯಮ 1987ರಿಂದ ಜಾರಿಯಲ್ಲಿದೆ, ಆದ್ದರಿಂದ ಮೇಜಿನ ಮೇಲೆ ಬಿಡುವ ನಾಣ್ಯ ನಿಜವಾಗಿಯೂ ಐಚ್ಛಿಕ. ಜಪಾನಿನಲ್ಲಿ ಮರೆತುಹೋದ ಚಿಲ್ಲರೆಯೆಂದು ಹಿಂದೆಯೇ ಓಡಿಬಂದು ಕೊಡುತ್ತಾರೆ. ಆದರೂ ಅಲ್ಲಿ ಹಣ ಕೊಡುವುದೇ ಇಲ್ಲವೆಂದು ಬರೆಯಬಾರದು. ರ್ಯೊಕಾನ್ ಎಂಬ ಸಾಂಪ್ರದಾಯಿಕ ವಸತಿಗೃಹಗಳಲ್ಲಿ, ಉಪಚರಿಸುವವರಿಗೆ ‘ಕೊಕೊರೊಜುಕೆ’ ಎಂಬ ಕಾಣಿಕೆಯನ್ನು ಲಕೋಟೆಯಲ್ಲಿಟ್ಟು, ಸಾಮಾನ್ಯವಾಗಿ ಬಂದ ಆರಂಭದಲ್ಲೇ ಕೊಡುವ ಕ್ರಮವಿದೆ. ಬರಿ ನೋಟನ್ನು ಚಾಚಿದರೆ ಒರಟುತನ. ಮದುವೆಗೆ ಕವರಿನಲ್ಲೇ ಮುಯ್ಯಿ ಹಾಕುವ ನಮಗೆ ಇದನ್ನು ವಿವರಿಸಬೇಕಾಗಿಲ್ಲ.

ನಮ್ಮ ದೇಶದಲ್ಲಿ ಸಂಬಳದ ಹೊಣೆಯ ಪ್ರಶ್ನೆ ಸರ್ವಿಸ್ ಚಾರ್ಜಿನ ರೂಪದಲ್ಲಿ ಎದ್ದಿತು. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2022ರ ಜುಲೈ 4ರಂದು, ಹೋಟೆಲಿನವರು ಅದನ್ನು ತಾವಾಗಿಯೇ ಬಿಲ್ಲಿಗೆ ಸೇರಿಸುವಂತಿಲ್ಲವೆಂದು ಮಾರ್ಗಸೂಚಿ ಹೊರಡಿಸಿತು. 2025ರ ಮಾರ್ಚ್ 28ರಂದು ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ನಿಂತು ತಿನ್ನುವ ದರ್ಶಿನಿಗಳಿಗೆ ಈ ಗೊಡವೆಯೇ ಇಲ್ಲ. ಕುಳಿತು ಉಣ್ಣುವ ಕಡೆ, ಸೋಂಪಿನ ತಟ್ಟೆಯಲ್ಲಿ ಸಪ್ಲೈಯರ್ ಐವತ್ತರ ಬದಲು ಐದು ಹತ್ತರ ನೋಟುಗಳನ್ನು ತರುತ್ತಿದ್ದ ಜಾಣತನ ಫೋನಿನ ಪಾವತಿ ಬಂದಮೇಲೆ ಕೆಲಸಕ್ಕೆ ಬಾರದಾಯಿತು; ಚಿಲ್ಲರೆಯೇ ಇಲ್ಲದ ಮೇಲೆ ತಟ್ಟೆಯಲ್ಲಿ ಬಿಡುವುದೇನು?

ಅಭ್ಯಾಸಕ್ಕೊಂದು ಸಂದರ್ಭ. ಶ್ರವಣಬೆಳಗೊಳದ ವಿಂಧ್ಯಗಿರಿಯ ಆರುನೂರಕ್ಕೂ ಹೆಚ್ಚು ಮೆಟ್ಟಿಲುಗಳನ್ನು ಹತ್ತಲಾಗದ ಹಿರಿಯರನ್ನು ಡೋಲಿಯಲ್ಲಿ ಹೊತ್ತೊಯ್ಯುತ್ತಾರೆ. ಬಾಡಿಗೆ ಮೊದಲೇ ಮಾತಾಗಿರುತ್ತದೆ; ಕೆಳಗಿಳಿದ ಮೇಲೆ ಅಜ್ಜಿ ಸೆರಗಿನ ಗಂಟು ಬಿಚ್ಚಿ ಇನ್ನಷ್ಟು ಕೊಡುತ್ತಾರೆ. ಅದು ಇನಾಮೇ, ಬಾಕಿ ಕೂಲಿಯೇ? ಮೇಲಿನ ಎರಡೂ ಪ್ರಶ್ನೆಗಳನ್ನು ಹಾಕಿ ನೋಡಿ. ನಾನು ಬಾಕಿ ಕೂಲಿಯೆಂದು ಬರೆದಿದ್ದೇನೆ. ನಮ್ಮ ಅಜ್ಜಿಯನ್ನು ಕೇಳಿದರೆ, ಹೊತ್ತವರ ಋಣ ಎಂದರು; ಆ ಪದಕ್ಕೆ ನನ್ನ ಟಿಪ್ಪಣಿಯಲ್ಲಿ ಇನ್ನೂ ಜಾಗ ಹುಡುಕುತ್ತಿದ್ದೇನೆ.