ನಾಲ್ಕು ವರ್ಷದ ನಾಯಿ ಈಗ ಸೋಫಾ ಕಚ್ಚಲು ಶುರು ಮಾಡಿದೆ, ಏನು ಮಾಡಲಿ?

ಪ್ರಶ್ನೆ: ನಮ್ಮದು ಲ್ಯಾಬ್ರಡಾರ್, ಗಂಡು, ನಾಲ್ಕು ವರ್ಷ. ಮರಿಯಾಗಿದ್ದಾಗ ಸಿಕ್ಕಿದ್ದೆಲ್ಲ ಕಚ್ಚುತ್ತಿದ್ದ, ಆಮೇಲೆ ತಾನಾಗಿಯೇ ಬಿಟ್ಟಿದ್ದ. ಎರಡು ತಿಂಗಳಿಂದ ಮತ್ತೆ ಶುರು. ಮೂರು ಜೊತೆ ಚಪ್ಪಲಿ, ಟಿವಿ ರಿಮೋಟ್, ಸೋಫಾದ ಒಂದು ಕೈ ಹೋಯಿತು. ನನ್ನ ಹೆಂಡತಿಯೂ ಈಗ ಕೆಲಸಕ್ಕೆ ಹೋಗುತ್ತಿದ್ದಾಳೆ. ಬೆಳಿಗ್ಗೆ ಒಂಬತ್ತೂವರೆಯಿಂದ ಸಂಜೆ ಐದೂವರೆವರೆಗೆ ಮನೆಯಲ್ಲಿ ಯಾರೂ ಇರುವುದಿಲ್ಲ. ಬಂದು ಬೈದರೆ ತಲೆ ತಗ್ಗಿಸಿ ಕೂರುತ್ತಾನೆ, ಮರುದಿನ ಮತ್ತೆ ಅದೇ. ಬಿಟ್ಟು ಹೋಗಿದ್ದಕ್ಕೆ ಸೇಡು ತೀರಿಸಿಕೊಳ್ಳುತ್ತಿದ್ದಾನಾ? ಈ ವಯಸ್ಸಲ್ಲಿ ತಿದ್ದಲು ಆಗುತ್ತಾ? ಹೊಸ ಸೋಫಾ ತರುವ ಯೋಚನೆಯೂ ಇದೆ, ತರಬಹುದಾ?

ಉತ್ತರ: ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಅಂತ ಅಕ್ಕಪಕ್ಕದವರು ಈಗಾಗಲೇ ಹೇಳಿರುತ್ತಾರೆ. ಆ ಗಾದೆ ಕಟ್ಟಿದವರ ಮನೆಯಲ್ಲಿ ಬಹುಶಃ ನಾಯಿ ಇರಲಿಲ್ಲ. ಎಂಟು, ಹತ್ತು ವರ್ಷದ ನಾಯಿಗಳೂ ಹೊಸ ಅಭ್ಯಾಸ ಕಲಿಯುತ್ತವೆ. ನಿಮ್ಮವನು ನಾಲ್ಕರ ಹುಡುಗ, ಅದೂ ಲ್ಯಾಬ್ರಡಾರ್. ಊಟದ ಆಸೆ ಇರುವ ನಾಯಿಗೆ ಕಲಿಸುವುದು ಸುಲಭ.

ಸೇಡಿನ ವಿಷಯ ಮೊದಲು ಮುಗಿಸೋಣ. ನೀವು ಬೆಳಿಗ್ಗೆ ಬಿಟ್ಟು ಹೋಗಿದ್ದನ್ನು ಮನಸ್ಸಲ್ಲಿಟ್ಟುಕೊಂಡು, ನಿಮಗೆ ನಷ್ಟವಾಗಲಿ ಅಂತ ರಿಮೋಟ್ ಆರಿಸಿಕೊಳ್ಳುವ ಲೆಕ್ಕಾಚಾರ ನಾಯಿಯದ್ದಲ್ಲ. ಹಾಗಾದರೆ ಆ ತಲೆ ತಗ್ಗಿಸುವುದು? 2009ರಲ್ಲಿ ನ್ಯೂಯಾರ್ಕಿನ ಅಲೆಕ್ಸಾಂಡ್ರಾ ಹೊರೊವಿಟ್ಜ್ ಎಂಬ ಸಂಶೋಧಕಿ 14 ನಾಯಿಗಳ ಜೊತೆ ಒಂದು ಪರೀಕ್ಷೆ ಮಾಡಿದರು. ಮಾಲೀಕರು ತಿಂಡಿ ತೋರಿಸಿ, ತಿನ್ನಬೇಡ ಅಂತ ಹೇಳಿ ಹೊರಗೆ ಹೋಗಬೇಕು. ವಾಪಸ್ ಬಂದಾಗ ನಾಯಿ ತಿಂದಿದೆಯೋ ಇಲ್ಲವೋ ಅಂತ ಅವರಿಗೆ ಹೇಳಲಾಗುತ್ತಿತ್ತು. ಕೆಲವು ಸಲ ಹೇಳಿದ್ದು ಸುಳ್ಳು. ಹೀಗಾಗಿ ತಿನ್ನದ ನಾಯಿಗಳೂ ಬೈಸಿಕೊಂಡವು. ತಪ್ಪಿತಸ್ಥ ಮುಖ ಕಂಡಿದ್ದು ಯಾವಾಗ ಗೊತ್ತಾ? ಬೈದಾಗ. ತಿಂದಿತ್ತೋ ಇಲ್ಲವೋ ಅನ್ನುವುದಕ್ಕೂ ಆ ಮುಖಕ್ಕೂ ಸಂಬಂಧವೇ ಇರಲಿಲ್ಲ. ಏನೂ ತಿನ್ನದೆ ಬೈಸಿಕೊಂಡ ಪಾಪದ ನಾಯಿಗಳ ಮುಖ ಇನ್ನೂ ಜಾಸ್ತಿ ಸಪ್ಪಗಿತ್ತು.

ಅಂದರೆ ಸಂಜೆ ನೀವು ಕಾಣುವುದು ಪಶ್ಚಾತ್ತಾಪ ಅಲ್ಲ. ‘ಯಜಮಾನರಿಗೆ ಸಿಟ್ಟು ಬಂದಿದೆ, ತಣ್ಣಗಾಗಲಿ’ ಎನ್ನುವ ಬೇಡಿಕೆ. ಮಧ್ಯಾಹ್ನ ಹನ್ನೆರಡಕ್ಕೆ ಕಚ್ಚಿದ ಸೋಫಾಕ್ಕೂ ಐದೂವರೆಯ ಬೈಗುಳಕ್ಕೂ ನಾಯಿ ಗಂಟು ಹಾಕಲಾರದು. ಕಚ್ಚುತ್ತಿರುವಾಗಲೇ, ಒಂದೆರಡು ಸೆಕೆಂಡಿನಲ್ಲಿ ತಡೆದರೆ ಮಾತ್ರ ಅದಕ್ಕೆ ಅರ್ಥವಾಗುತ್ತದೆ. ತಡವಾಗಿ ಬೈದರೆ ನೀವು ಮನೆಗೆ ಬರುವ ಹೊತ್ತೇ ಅದಕ್ಕೆ ಭಯದ ಹೊತ್ತಾಗುತ್ತದೆ. ಭಯವಾದ ನಾಯಿ ಸಮಾಧಾನಕ್ಕೆ ಏನು ಮಾಡುತ್ತದೆ? ಕಚ್ಚುತ್ತದೆ. ಹಾಗಾಗಿ ಇವತ್ತಿನಿಂದಲೇ ಬೈಯುವುದು ಬಿಡಿ. ಹರಿದ ಚಪ್ಪಲಿಯನ್ನು ಮೂಗಿಗೆ ಒತ್ತಿ ತೋರಿಸುವುದನ್ನಂತೂ ಬಿಟ್ಟೇಬಿಡಿ.

ಈಗ ಕಾರಣ ಹುಡುಕಬೇಕು. ಮರಿಗಳು ಕಚ್ಚುವುದಕ್ಕೆ ಹಲ್ಲು ಬದಲಾಗುವುದು ಒಂದು ಕಾರಣ. ಇಪ್ಪತ್ತೆಂಟು ಹಾಲುಹಲ್ಲು ಹೋಗಿ ನಲವತ್ತೆರಡು ಹೊಸ ಹಲ್ಲು ಬರುತ್ತವೆ, ಆರೇಳು ತಿಂಗಳಿಗೆ ಆ ಕೆಲಸ ಮುಗಿಯುತ್ತದೆ. ನಾಲ್ಕು ವರ್ಷದವನಿಗೆ ಆ ನೆಪ ಇಲ್ಲ. ಬೆಳೆದ ನಾಯಿ ಇದ್ದಕ್ಕಿದ್ದಂತೆ ಶುರು ಮಾಡಿದರೆ ಮೊದಲು ನೋಡಬೇಕಾಗಿದ್ದು ಬಾಯಿ. ಇದನ್ನು ನಾನು ಪೆಟ್ಟು ತಿಂದು ಕಲಿತೆ. ನಮ್ಮ ಕರಿಯ ಬೀದಿಯಿಂದ ಬಂದವನು, ಆರು ವರ್ಷ ಒಂದು ಕಾಲೊರಸಿಯನ್ನೂ ಮುಟ್ಟಿರಲಿಲ್ಲ. ಒಂದು ಮಳೆಗಾಲದಲ್ಲಿ ಹಿತ್ತಲ ಬಾಗಿಲಿನ ಚೌಕಟ್ಟು ಕಚ್ಚತೊಡಗಿದ. ಹೊರಗೆ ಹೋಗಲಾಗದೆ ಬೇಜಾರು ಅಂದುಕೊಂಡು ಮೂರು ವಾರ ಸುಮ್ಮನಿದ್ದೆ. ಡಾಕ್ಟರ್ ತುಟಿ ಎತ್ತಿ ನೋಡಿದರೆ ಮೇಲಿನ ದೊಡ್ಡ ದವಡೆ ಹಲ್ಲು ಸೀಳಿತ್ತು. ಮೂಳೆ ಕಡಿಯಲಿ ಪಾಪ ಅಂತ ನಾನೇ ಪ್ರೀತಿಯಿಂದ ಕೊಡುತ್ತಿದ್ದ ಗಟ್ಟಿ ಮೂಳೆಯ ಉಡುಗೊರೆ ಅದು. ಹಲ್ಲು ತೆಗೆಸಿದ ಮೇಲೆ ಬಾಗಿಲು ಉಳಿಯಿತು. ಆದ್ದರಿಂದ ಒಮ್ಮೆ ತೋರಿಸಿಕೊಂಡು ಬನ್ನಿ. ಬಾಯಿ ವಾಸನೆ, ಒಂದೇ ಕಡೆ ಅಗಿಯುವುದು, ಜೊಲ್ಲು ಜಾಸ್ತಿಯಾಗುವುದು ಇದ್ದರೆ ಇನ್ನೂ ಬೇಗ.

ಬಾಯಿ ಚೆನ್ನಾಗಿದೆ ಅಂತಾದರೆ ಉಳಿಯುವ ಪ್ರಶ್ನೆ, ಯಾವಾಗ ಕಚ್ಚುತ್ತಾನೆ, ಏನನ್ನು ಕಚ್ಚುತ್ತಾನೆ? ಮನೆಯಲ್ಲಿ ಹಳೇ ಮೊಬೈಲ್ ಇದ್ದೇ ಇರುತ್ತದೆ. ಅದನ್ನು ಶೋಕೇಸಿನ ಮೇಲೆ ವಿಡಿಯೊ ಹಾಕಿ ಇಟ್ಟು ಹೋಗಿ. ನೀವು ಗೇಟು ದಾಟಿದ ಅರ್ಧ ಗಂಟೆಯೊಳಗೇ ಏದುಸಿರು, ಜೊಲ್ಲು, ಊಳಿಡುವುದು, ಬಾಗಿಲು ಕಿಟಕಿಗಳ ಹತ್ತಿರವೇ ಕೆರೆದು ಕಚ್ಚುವುದು ಕಂಡರೆ ಅದು ಒಂಟಿತನದ ಗಾಬರಿ. ಹಾಗಲ್ಲದೆ ಮೊದಲು ಚೆನ್ನಾಗಿ ನಿದ್ದೆ ಮಾಡಿ, ಹನ್ನೊಂದಕ್ಕೆ ಎದ್ದು, ಮೈಮುರಿದು, ಮನೆಯೆಲ್ಲ ಸುತ್ತಿ, ಮಾಡಲು ಏನೂ ಇಲ್ಲ ಅಂತ ಸೋಫಾಕ್ಕೆ ಬಂದರೆ ಅದು ಬೇಜಾರು. ನೀವು ಹೇಳಿದ ವಸ್ತುಗಳಲ್ಲಿ ಬಾಗಿಲು ಕಿಟಕಿ ಇಲ್ಲ, ಹಾಗಾಗಿ ನನಗೆ ಎರಡನೆಯದೇ ಅನ್ನಿಸುತ್ತದೆ. ಚಪ್ಪಲಿ, ರಿಮೋಟ್, ಸೋಫಾದ ಕೈ, ಮೂರರಲ್ಲೂ ನಿಮ್ಮ ಬೆವರಿನ ವಾಸನೆ ಇದೆ. ಇಡೀ ಮನೆಯಲ್ಲಿ ನೀವು ಜಾಸ್ತಿ ಮುಟ್ಟುವ ವಸ್ತುಗಳು ಅವೇ ಅಲ್ವಾ? ಆದರೂ ವಿಡಿಯೊ ನೋಡಿ ತೀರ್ಮಾನ ಮಾಡಿ, ನನ್ನ ಊಹೆ ನಂಬಿ ಅಲ್ಲ.

(ಕಚ್ಚುವುದು ವರ್ಷಕ್ಕೊಮ್ಮೆ ದೀಪಾವಳಿಯ ವಾರದಲ್ಲಿ ಮಾತ್ರ ಅಂತಾದರೆ ಅದು ಪಟಾಕಿಯ ಭಯ. ಆ ಕಥೆಯೇ ಬೇರೆ.)

ಲ್ಯಾಬ್ರಡಾರ್ ಬಗ್ಗೆ ಒಂದು ಮಾತು. ಇವುಗಳ ಹಿರಿಯರು ಕೆನಡಾದ ನ್ಯೂಫೌಂಡ್‌ಲ್ಯಾಂಡ್ ತೀರದಲ್ಲಿ ಮೀನುಗಾರರ ಜೊತೆ ದುಡಿದವು. ಆಮೇಲೆ ಬ್ರಿಟನ್ನಿನಲ್ಲಿ ಬೇಟೆಗಾರರು ಹೊಡೆದ ಹಕ್ಕಿಯನ್ನು ಹೆಕ್ಕಿ ತರಲು ಇವನ್ನು ಬೆಳೆಸಿದರು. ಬಾಯಲ್ಲಿ ಏನಾದರೂ ಹಿಡಿದುಕೊಂಡಿರಬೇಕು ಅನ್ನುವುದು ತಲೆಮಾರುಗಳಿಂದ ಬಂದ ಆಸೆ. ನಮಗೆ ಕೈ ಹೇಗೋ ಇವಕ್ಕೆ ಬಾಯಿ ಹಾಗೆ. ಇಂಥ ನಾಯಿಗೆ ಕಚ್ಚಬೇಡ ಅಂತ ಹೇಳಿಕೊಡಲು ಹೋದರೆ ಇಬ್ಬರೂ ಸೋಲುತ್ತೀರಿ. ಇದನ್ನು ಕಚ್ಚು ಅಂತ ಹೇಳಿಕೊಡಬೇಕು.

ಹಾಗಾದರೆ ಏನು ಕೊಡುವುದು? ಒಳಗೆ ಟೊಳ್ಳಿರುವ ದಪ್ಪ ರಬ್ಬರ್ ಆಟಿಕೆ ಸಾಕುಪ್ರಾಣಿಗಳ ಅಂಗಡಿಯಲ್ಲಿ ಸಿಗುತ್ತದೆ. ಬಾಯಿಗಿಂತ ದೊಡ್ಡದು ತನ್ನಿ, ನುಂಗುವ ಹಾಗಿರಬಾರದು. ರಾತ್ರಿ ಅದರೊಳಗೆ ಮೊಸರನ್ನ ತುಂಬಿ ಫ್ರೀಜರಿನಲ್ಲಿಡಿ. ಉಪ್ಪು, ಒಗ್ಗರಣೆ, ಈರುಳ್ಳಿ ಏನೂ ಬೇಡ. ಮದುವೆ ಮನೆಯಿಂದ ತಂದ ಮೊಸರನ್ನ ಅಂತೂ ಬೇಡವೇ ಬೇಡ, ಅದರಲ್ಲಿ ದ್ರಾಕ್ಷಿ ಇರುತ್ತದೆ. ದ್ರಾಕ್ಷಿ, ಒಣದ್ರಾಕ್ಷಿ ಎರಡೂ ನಾಯಿಯ ಕಿಡ್ನಿಗೆ ವಿಷ. ಬೆಳಿಗ್ಗೆ ನೀವು ಚಪ್ಪಲಿ ಹಾಕಿಕೊಳ್ಳುವಾಗ ಈ ಗಟ್ಟಿಯಾದ ಮೊಸರನ್ನ ಕೊಟ್ಟು ಹೊರಡಿ. ನೆಕ್ಕಿ, ಅಗಿದು ಮುಗಿಸುವುದರೊಳಗೆ ಸುಸ್ತಾಗಿ ಮಲಗುವ ನಾಯಿಗಳೇ ಜಾಸ್ತಿ. ಆದರೆ ಆ ಅನ್ನ ಅವನ ಬೆಳಗಿನ ಊಟದ ಪಾಲಿನಿಂದಲೇ ತೆಗೆದದ್ದಾಗಿರಲಿ. ಲ್ಯಾಬ್ರಡಾರ್‌ಗಳಲ್ಲಿ ಹೆಚ್ಚುಕಡಿಮೆ ನಾಲ್ಕರಲ್ಲಿ ಒಂದಕ್ಕೆ ಹಸಿವಿಗೆ ಸಂಬಂಧಿಸಿದ ಒಂದು ಜೀನ್‌ನಲ್ಲೇ ಕೊರತೆ ಇದೆ ಅಂತ 2016ರಲ್ಲಿ ಕೇಂಬ್ರಿಡ್ಜಿನವರು ತೋರಿಸಿದ್ದಾರೆ. ಎಷ್ಟು ಕೊಟ್ಟರೂ ಸಾಕು ಅನ್ನುವುದಿಲ್ಲ, ಸಾಕು ಅನ್ನಬೇಕಾದವರು ನೀವೇ.

ಬೇರೆ ಏನೇ ಕೊಟ್ಟರೂ ಮೊದಲು ಉಗುರಿನಿಂದ ಒತ್ತಿ ನೋಡಿ. ಸ್ವಲ್ಪವೂ ತಗ್ಗದಿದ್ದರೆ ಅದು ಹಲ್ಲು ಒಡೆಯುವಷ್ಟು ಗಟ್ಟಿ. ಬೇಯಿಸಿದ ಮೂಳೆ ಚೂರಾಗಿ ಕರುಳಿಗೆ ಚುಚ್ಚುತ್ತದೆ. ನಮ್ಮ ಕಡೆ ಸುಮ್ನೆ ಎಸೆಯುವ ಮಾವಿನ ಓಟೆ, ಮೆಕ್ಕೆಜೋಳದ ದಿಂಡು ಇವೆರಡೂ ಕರುಳಲ್ಲಿ ಸಿಕ್ಕಿಕೊಂಡು ಆಪರೇಷನ್ ತನಕ ಹೋಗುತ್ತವೆ. ಹಳೇ ಹವಾಯಿ ಚಪ್ಪಲಿಯನ್ನು ಆಟಕ್ಕೆ ಕೊಡುವುದೂ ತಪ್ಪು. ಹಳೇದು ಯಾವುದು, ಮೊನ್ನೆ ತಂದದ್ದು ಯಾವುದು ಅಂತ ಅವನಿಗೆ ಹೇಗೆ ಗೊತ್ತಾಗಬೇಕು?

ಚಪ್ಪಲಿ ಗೂಡಿಗೆ ಬಾಗಿಲು ಹಾಕಿಸಿ. ರಿಮೋಟ್, ಸಾಕ್ಸ್, ಮಾತ್ರೆಯ ಸ್ಟ್ರಿಪ್, ಸೊಳ್ಳೆ ಔಷಧದ ಬಾಟಲಿ ಎಲ್ಲ ಮೇಲಕ್ಕೆ ಹೋಗಲಿ. ಚಾರ್ಜರ್ ವಯರು ಪ್ಲಗ್ಗಿನಲ್ಲಿ ಉಳಿಯಬಾರದು. ಕೆಲವು ವಾರ ಹಗಲು ಹೊತ್ತು ಅವನು ಸೋಫಾ ಇಲ್ಲದ ಕೋಣೆಯಲ್ಲಿರಲಿ, ನೀರು, ಹಾಸಿಗೆ, ಆಟಿಕೆ ಜೊತೆಗೆ. ಕಚ್ಚುವುದೇ ಒಂದು ಸುಖ. ಪ್ರತಿ ಸಲ ಆ ಸುಖ ಸಿಕ್ಕಿದಾಗಲೂ ಅಭ್ಯಾಸ ಗಟ್ಟಿಯಾಗುತ್ತದೆ, ಅದಕ್ಕೇ ಈ ಬಂದೋಬಸ್ತು. ಆದರೆ ಚೈನು ಹಾಕಿ ಕಟ್ಟಬೇಡಿ, ಬಾಯಿಗೆ ಕುಕ್ಕೆ ಹಾಕಿ ಬಿಟ್ಟು ಹೋಗಬೇಡಿ. ಕುಕ್ಕೆ ಬಿಗಿಯಾಗಿದ್ದರೆ ಏದುಸಿರು ಬಿಡಲಾಗದೆ ಸೆಕೆಗೆ ಪ್ರಾಣಕ್ಕೇ ಕುತ್ತು. ಸೋಫಾಕ್ಕೆ ಮೆಣಸಿನ ಪುಡಿ ಹಚ್ಚಿ ಅನ್ನುವವರೂ ಇದ್ದಾರೆ. ಕಣ್ಣು, ಮೂಗು ಉರಿದು ನರಳುತ್ತದೆ, ಬೇಜಾರು ಹಾಗೇ ಉಳಿಯುತ್ತದೆ.

ಬೆಳಗಿನ ವಾಕಿಂಗ್ ಎಷ್ಟು ಹೊತ್ತು ಅಂತ ನೀವು ಬರೆದಿಲ್ಲ. ಗೇಟಿನ ಮೂಲೆಯಲ್ಲಿ ಕಾಲೆತ್ತಿಸಿ ವಾಪಸ್ ಬರುವುದು ವಾಕಿಂಗ್ ಅಲ್ಲ. ಮುಕ್ಕಾಲು ಗಂಟೆ ಬೇಕು, ಬೇಸಿಗೆಯಲ್ಲಿ ಡಾಂಬರು ಕಾಯುವ ಮೊದಲೇ. ವೇಗಕ್ಕಿಂತ ಮೂಗಿಗೆ ಕೆಲಸ ಸಿಗುವುದು ಮುಖ್ಯ. ಕಂಬ, ಬೇಲಿ, ಕಲ್ಲು, ಎಲ್ಲ ಕಡೆ ನಿಂತು ಮೂಸಲಿ, ಎಳೆಯಬೇಡಿ. ಅದು ಅವನ ಪೇಪರ್ ಓದುವ ಹೊತ್ತು. ಮಧ್ಯಾಹ್ನ ಯಾರಾದರೂ ಬಂದು ಹೊರಗೆ ಕರೆದುಕೊಂಡು ಹೋಗುವಂತಿದ್ದರೆ ಬಹಳ ಒಳ್ಳೆಯದು. ಎಂಟು ಗಂಟೆ ಉದ್ದವೇ.

ನೀವು ಮನೆಯಲ್ಲಿದ್ದಾಗಲೇ ಏನಾದರೂ ಕಚ್ಚಿಕೊಂಡು ಓಡಿದರೆ ಹಿಂದೆ ಓಡಬೇಡಿ. ಓಡಿದರೆ ಅದು ಆಟ, ಅವನೇ ಗೆಲ್ಲುವುದು. ಬಾಯಿಗೆ ಕೈ ಹಾಕಿ ಎಳೆಯಲೂ ಬೇಡಿ. ಒಂದು ತುಂಡು ಬೇಯಿಸಿದ ಕೋಳಿಯನ್ನೋ ಪನ್ನೀರನ್ನೋ ಮೂಗಿನ ಹತ್ತಿರ ಹಿಡಿಯಿರಿ. ಬಾಯಿ ತೆರೆದ ಕ್ಷಣಕ್ಕೆ ‘ಬಿಡು’ ಅಂತ ಮೆಲ್ಲಗೆ ಹೇಳಿ ತುಂಡು ಕೊಡಿ, ವಸ್ತು ತೆಗೆದುಕೊಳ್ಳಿ, ಬದಲಿಗೆ ಅವನ ಆಟಿಕೆ ಕೊಡಿ. ಮೊದಲು ಅವನದೇ ಆಟಿಕೆಯಲ್ಲಿ ದಿನಕ್ಕೆ ಐದಾರು ಸಲ ಅಭ್ಯಾಸ ಮಾಡಿಸಿ, ಚಪ್ಪಲಿ ಆಮೇಲೆ. ಮನೆಯವರೆಲ್ಲ ಒಂದೇ ಮಾತು ಹೇಳಬೇಕು. ನೀವು ‘ಬಿಡು’ ಅಂದು, ಹೆಂಡತಿ ‘ಡ್ರಾಪ್’ ಅಂದು, ಮಕ್ಕಳು ‘ಏಯ್ ಕೊಡೋ’ ಅಂದರೆ ಅವನಿಗೆ ಮೂರು ಭಾಷೆ ಕಲಿಯುವ ಕಷ್ಟ. ಮುಖ್ಯವಾಗಿ, ತನ್ನ ಆಟಿಕೆಯನ್ನು ಸುಮ್ಮನೆ ಕಚ್ಚುತ್ತಾ ಮಲಗಿದ್ದಾಗ ಒಂದು ಒಳ್ಳೆ ಮಾತು ಹೇಳಿ. ನಾವೆಲ್ಲ ಮರೆಯುವುದು ಇದನ್ನೇ.

ವಿಡಿಯೊದಲ್ಲಿ ಗಾಬರಿಯೇ ಕಂಡರೆ ಮೊಸರನ್ನದಿಂದ ಆಗುವುದಿಲ್ಲ. ಗಾಬರಿಯಾದ ನಾಯಿ ತಿನ್ನುವುದೇ ಇಲ್ಲ. ಆಗ ಬೀಗದ ಕೈ ಎತ್ತಿಕೊಂಡು ಎಲ್ಲಿಗೂ ಹೋಗದೆ ಕೂರುವುದು, ಆಮೇಲೆ ಅರ್ಧ ನಿಮಿಷ ಹೊರಗೆ, ಒಂದು ನಿಮಿಷ, ಐದು ನಿಮಿಷ, ಹೀಗೆ ಅವನು ಹೆದರದಷ್ಟೇ ಹೊತ್ತು ಬಿಟ್ಟು ಅಭ್ಯಾಸ ಮಾಡಿಸಬೇಕು. ಅಲ್ಲಿಯವರೆಗೆ ಪೂರ್ತಿ ದಿನ ಒಂಟಿ ಬಿಡದಂತೆ ನೆಂಟರನ್ನೋ ಪಕ್ಕದ ಮನೆಯವರನ್ನೋ ಕೇಳಿಕೊಳ್ಳಬೇಕು. ಕೆಲವು ನಾಯಿಗಳಿಗೆ ಡಾಕ್ಟರ್ ಕೆಲವು ತಿಂಗಳು ಮಾತ್ರೆಯನ್ನೂ ಕೊಡುತ್ತಾರೆ. ಅದರಲ್ಲಿ ನಾಚಿಕೆಯೇನಿಲ್ಲ. ನಿಮ್ಮ ಮಾತ್ರೆ ಡಬ್ಬಿಯಿಂದ ಮಾತ್ರ ಏನೂ ಕೊಡಬೇಡಿ.

ಸೋಫಾದ ಸ್ಪಂಜನ್ನೋ ರಿಮೋಟಿನ ಸೆಲ್ಲನ್ನೋ ನುಂಗಿದ ಅನುಮಾನ ಇದ್ದರೆ ಕಾಯಬೇಡಿ. ಸೆಲ್ ನುಂಗಿದ್ದರೆ ಆ ಕ್ಷಣವೇ ಆಸ್ಪತ್ರೆಗೆ. ಬೇರೆಯದಾದರೂ ಮತ್ತೆ ಮತ್ತೆ ವಾಂತಿ, ಊಟ ಬಿಡುವುದು, ತಿಣುಕಿದರೂ ಕಕ್ಕ ಬಾರದಿರುವುದು ಕಂಡರೆ ಅದೇ ದಿನ ತೋರಿಸಿ.

ಇನ್ನು ಹೊಸ ಸೋಫಾ. ಈಗ ಬೇಡ. ಹಳೇದರ ಹರಿದ ಕೈಗೆ ದಪ್ಪ ಬೆಡ್‌ಶೀಟ್ ಸುತ್ತಿ ಹೊಲಿಸಿ, ಮೂರು ತಿಂಗಳು ತಡೆಯಿರಿ. ಹಗಲು ಕೋಣೆಯ ಬಾಗಿಲು ತೆರೆದಿಟ್ಟು ಹೋದ ಮೇಲೂ ಒಂದಿಡೀ ತಿಂಗಳು ಆ ಬೆಡ್‌ಶೀಟಿನಲ್ಲಿ ಹಲ್ಲಿನ ಗುರುತು ಬೀಳದಿದ್ದರೆ ಅಂಗಡಿಗೆ ಹೋಗಿ. ಮರದ ಕೈ ಇರುವುದು ಮಾತ್ರ ಬೇಡ.