ಸೊಪ್ಪಿನ ಬುಟ್ಟಿಗೆ ಸುಂಕ, ಕಾರಿಗೆ ಪುಕ್ಕಟೆ ಜಾಗ

ಮಂಡ್ಯ ಜಿಲ್ಲೆಯ ಯಾವ ಸಂತೆಗೇ ಹೋಗಿ, ಸೊಪ್ಪಿನವರು ಗೋಣಿತಾಟು ಹಾಸಿ ಕಂತೆ ಜೋಡಿಸುವ ಹೊತ್ತಿಗೆ ಸುಂಕದವನು ಬಂದು ನಿಂತಿರುತ್ತಾನೆ. ಇನ್ನೂ ಬೋಣಿಯಾಗದ ಅಜ್ಜಿಯೂ ಎಲೆಅಡಿಕೆ ಚೀಲ ಬಿಚ್ಚಿ ದುಡ್ಡು ಎಣಿಸಬೇಕು. ಅವನು ಹರಿದು ಕೊಟ್ಟ ಚೀಟಿಯನ್ನು ನಾಲ್ಕಾಗಿ ಮಡಚಿ ಅದೇ ಚೀಲದಲ್ಲಿ ಇಟ್ಟುಕೊಳ್ಳುತ್ತಾಳೆ. ಮತ್ತೊಬ್ಬ ಬಂದು ಕೇಳಿದರೆ ತೋರಿಸಬೇಕಲ್ಲ. ಕುಳಿತುಕೊಳ್ಳುವಷ್ಟು ನೆಲಕ್ಕೆ ಅವಳು ಬಾಡಿಗೆ ಕಟ್ಟಿದ್ದಾಳೆ. ಅಲ್ಲಿಂದ ಪೇಟೆ ಬೀದಿಗೆ ಬಂದರೆ, ಹತ್ತು ಹನ್ನೆರಡು ಚದರ ಮೀಟರ್ ಜಾಗ ಹಿಡಿದು ಬೆಳಿಗ್ಗೆಯಿಂದ ರಾತ್ರಿಯವರೆಗೆ ನಿಂತ ಕಾರಿಗೆ ಸುಂಕವೂ ಇಲ್ಲ, ಚೀಟಿಯೂ ಇಲ್ಲ.

ಈ ತಾರತಮ್ಯ ಯಾರೋ ಕುಳಿತು ಮಾಡಿದ್ದಲ್ಲ, ಕಾಲಕ್ರಮದಲ್ಲಿ ಆಗಿಹೋದದ್ದು. ಗಾಡಿಗಳ ಕಾಲದಲ್ಲಿ ಸಂತೆಗೆ ಬಂದವರು ನೊಗ ಇಳಿಸಿ ಎತ್ತು ಕಟ್ಟಲು ಊರಾಚೆಯ ತೋಪಿತ್ತು. ಮೈಸೂರಿನಲ್ಲಿ ಟಾಂಗಾಗಳಿಗೆ ನಿಲ್ದಾಣಗಳಿದ್ದವು, ಮುಂದೆ ಆಟೊಗಳಿಗೂ ಬಂದವು. ದುಡಿಯುವ ಗಾಡಿಗೆಲ್ಲ ಇಂಥದ್ದೇ ಜಾಗ ಎಂದು ಗೊತ್ತಾಗಿತ್ತು. ಸ್ವಂತ ಕಾರು ಇದ್ದವರು ಊರಿಗೆ ನಾಲ್ಕಾರು ಮಂದಿ. ಅವರು ಎಲ್ಲಿ ನಿಲ್ಲಿಸಿದರೂ ಯಾರಿಗೂ ಅಡ್ಡಿಯಾಗಲಿಲ್ಲ, ಹಾಗಾಗಿ ಅವರಿಗೆ ನಿಯಮವನ್ನೂ ಯಾರೂ ಯೋಚಿಸಲಿಲ್ಲ.

ಮಂಡ್ಯ ಬೆಳೆದದ್ದು ಬೇಗ. 1933ರಲ್ಲಿ ಸಕ್ಕರೆ ಕಾರ್ಖಾನೆ, 1939ರಲ್ಲಿ ಜಿಲ್ಲಾ ಕೇಂದ್ರದ ಪಟ್ಟ. ಊರು ಹಬ್ಬಿತು, ಪೇಟೆ ಬೀದಿಯ ಅಗಲ ಮಾತ್ರ ಗಾಡಿಗಳ ಕಾಲದ್ದೇ ಉಳಿಯಿತು. ಮದ್ದೂರಿನಲ್ಲೂ ಆ ಬೀದಿಗೆ ಅದೇ ಹೆಸರು, ಅದೇ ಇಕ್ಕಟ್ಟು. ವಾಹನ ನಿಲುಗಡೆಗೆಂದು ನಕ್ಷೆಯಲ್ಲಿ ತೋರಿಸಿದ ನೆಲಮಾಳಿಗೆಗಳು ಎಷ್ಟೋ ಕಡೆ ಮಳಿಗೆಗಳಾದವು.

ಕಾನೂನು ಈ ವಿಷಯವನ್ನು ನೋಡಿದ್ದು ಪೊಲೀಸರ ಕಣ್ಣಿನಿಂದ. 1988ರ ಮೋಟಾರು ವಾಹನ ಕಾಯ್ದೆಯ 117ನೇ ಕಲಂ ಪ್ರಕಾರ ಸರ್ಕಾರವಾಗಲಿ, ಅದು ಅಧಿಕಾರ ಕೊಟ್ಟವರಾಗಲಿ, ಸ್ಥಳೀಯ ಸಂಸ್ಥೆಯೊಂದಿಗೆ ಚರ್ಚಿಸಿ ನಿಲುಗಡೆ ಸ್ಥಳ ಗೊತ್ತುಪಡಿಸಬಹುದು. ನಮ್ಮಲ್ಲಿ ಜಿಲ್ಲಾಧಿಕಾರಿಗಳು ಅಧಿಸೂಚನೆ ಹೊರಡಿಸುತ್ತಾರೆ, ಕಂಬಕ್ಕೆ ತಗಡಿನ ಫಲಕ ಬೀಳುತ್ತದೆ. ಒಂದೋ ಪುಕ್ಕಟೆ, ಇಲ್ಲವೇ ದಂಡ. ಇವೆರಡರ ನಡುವೆ ಶುಲ್ಕ ಕಟ್ಟಿ ನಿಲ್ಲಿಸುವ ಪರವಾನಗಿ ಎಂಬುದೊಂದು ಇರಬಹುದು ಎನ್ನುವುದು ನಮ್ಮ ಪುರಸಭೆಗಳ ಕಲ್ಪನೆಗೇ ಬರಲಿಲ್ಲ.

ರಸ್ತೆಯ ಜಾಗಕ್ಕೂ ಬೆಲೆಯಿದೆ, ನಿಲುಗಡೆ ಶುಲ್ಕ ಆ ನೆಲದ ಮೌಲ್ಯಕ್ಕೆ ಹತ್ತಿರವಿರಬೇಕು ಎಂದು ಹೇಳಿದ್ದು 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿ. ಆದರೆ ಪರವಾನಗಿ ಮೊದಲು ಬಂದದ್ದು ತಳ್ಳುಗಾಡಿಗೆ. 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆಯಂತೆ ಸಮೀಕ್ಷೆ, ಗುರುತಿನ ಚೀಟಿ, ವ್ಯಾಪಾರದ ಪ್ರಮಾಣಪತ್ರ ಎಲ್ಲವೂ ಬಂದವು. ಹಣ್ಣಿನ ಗಾಡಿಯವನ ಕೊರಳಲ್ಲಿ ಕಾರ್ಡು ತೂಗುತ್ತಿದೆ. ಅವನ ಬೆನ್ನಿಗೆ ತಾಗುವಂತೆ ನಿಂತ ಕಾರಿನ ಗಾಜಿನ ಮೇಲೆ ಏನೂ ಇಲ್ಲ. ಇದನ್ನು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಕಾರಿನ ಸರದಿ ಬಂದದ್ದು 2021ರಲ್ಲಿ, ಅದೂ ಬೆಂಗಳೂರಿಗೆ. ಆಗ ಒಪ್ಪಿಗೆ ಪಡೆದ ನಿಲುಗಡೆ ನೀತಿಯಲ್ಲಿ ಮನೆ ಮುಂದಿನ ರಸ್ತೆಯಲ್ಲಿ ನಿಲ್ಲಿಸುವ ಸಣ್ಣ ಕಾರಿಗೆ ವರ್ಷಕ್ಕೆ 1,000, ದೊಡ್ಡದಕ್ಕೆ 5,000 ರೂಪಾಯಿ ಎಂಬ ಲೆಕ್ಕವಿತ್ತು.

2023ರ ಮಾರ್ಚ್‌ನಲ್ಲಿ ಬೆಂಗಳೂರು–ಮೈಸೂರು ದಶಪಥ ಉದ್ಘಾಟನೆಯಾಯಿತು. ಹೊರಗಿನ ವಾಹನಗಳು ಬೈಪಾಸ್ ಹಿಡಿದವು. ಮಂಡ್ಯ, ಮದ್ದೂರುಗಳ ಒಳಗಿನ ಹಳೆ ಹೆದ್ದಾರಿ ಹಗುರಾದರೂ ಪೇಟೆ ಬೀದಿ ಹಗುರಾಗಲಿಲ್ಲ. ಅಲ್ಲಿ ನಿಂತಿದ್ದವು ಮೈಸೂರಿಗೆ ಹೋಗುವ ಕಾರುಗಳಲ್ಲ, ನಮ್ಮವೇ. ಬಾಗಿಲು ತೆರೆಯುತ್ತಲೇ ಅಂಗಡಿಯವರು ತಮ್ಮ ಗಾಡಿಯನ್ನು ಮೆಟ್ಟಿಲ ಬಳಿ ನಿಲ್ಲಿಸುತ್ತಾರೆ, ಪಕ್ಕದಲ್ಲಿ ಕಲ್ಲನ್ನೋ ಹಳೆ ಟೈರನ್ನೋ ಇಡುತ್ತಾರೆ. ಗಿರಾಕಿಗೆ ಜಾಗವಿಲ್ಲ. ಆ ಕಲ್ಲು ಕೂಡ ಒಂದು ಪರವಾನಗಿಯೇ, ಯಾರೂ ಕೊಡದೆ ತಾವೇ ಬರೆದುಕೊಂಡದ್ದು.

ಸಣ್ಣ ಊರಿಗೆ ಬೆಂಗಳೂರಿನ ನಿಲುಗಡೆ ಶುಲ್ಕದ ಯಂತ್ರಗಳು ಬೇಕಿಲ್ಲ. ವರ್ತಕರಿಗೂ ಅವರ ಕೆಲಸಗಾರರಿಗೂ ಪೇಟೆಯಿಂದ ಐದು ನಿಮಿಷ ನಡೆಯುವ ದೂರದ ಖಾಲಿ ಜಾಗದಲ್ಲಿ ಮಾಸಿಕ ಪಾಸು. ಬೀದಿಯ ನಿವಾಸಿಗಳಿಗೆ ಮನೆಗೊಂದೇ ವಾರ್ಷಿಕ ಪಾಸು. ಸರಕು ಇಳಿಸುವವರಿಗೆ ಬೆಳಗಿನ ಹೊತ್ತಿನ ಪಾಸು. ಗಿರಾಕಿಗೆ ಮೊದಲ ಅರ್ಧ ಗಂಟೆ ಉಚಿತ. ಜನರ ಅಂಜಿಕೆ ಶುಲ್ಕದ್ದಕ್ಕಿಂತ ಹರಾಜಿನದು. ಸಂತೆ ಸುಂಕದ ಗುತ್ತಿಗೆಯಲ್ಲಿ ಫಲಕದ ದರ ಒಂದು, ವಸೂಲಿ ಇನ್ನೊಂದು ಆಗುವುದನ್ನು ಕಂಡವರು ಅವರು. ಆದ್ದರಿಂದ ಇದನ್ನು ಗುತ್ತಿಗೆಗೆ ಕೊಡದೆ ಪುರಸಭೆಯೇ ನಡೆಸಬೇಕು, ಬಂದ ಹಣ ಅದೇ ಬೀದಿಯ ಪಾದಚಾರಿ ಮಾರ್ಗಕ್ಕೂ ಹೆಂಗಸರ ಶೌಚಾಲಯಕ್ಕೂ ಹೋಗಬೇಕು ಎಂಬುದು ನನ್ನ ಹಟ.

ಅದಕ್ಕೂ ಮುಂಚೆ ಎಣಿಕೆ ಆಗಬೇಕು. ಊರಿನ ಕಾಲೇಜು ಹುಡುಗರು ಒಂದು ವಾರ ಗಂಟೆಗೊಮ್ಮೆ ಪೇಟೆ ಬೀದಿಯಲ್ಲಿ ನಡೆದು, ನಿಂತ ಗಾಡಿಗಳ ನಂಬರನ್ನು ಪುಸ್ತಕದಲ್ಲಿ ಬರೆದುಕೊಂಡರೆ ಸಾಕು. ಯಾವ ಗಾಡಿ ಒಂದೇ ಸುತ್ತಿನಲ್ಲಿ ಕಂಡು ಹೋಯಿತು, ಯಾವುದು ಹತ್ತು ಗಂಟೆ ನಿಂತಿತು ಎಂಬುದು ಆ ಪುಸ್ತಕದಲ್ಲೇ ಕಾಣುತ್ತದೆ.