ಖಾರ ಬಿಸ್ಕತ್ತಿಗೆ ಸೋಡಾ ಎಷ್ಟು ಹಾಕಬೇಕು?

ಪ್ರಶ್ನೆ: ಮನೆಯಲ್ಲಿ ಮಾಡಿದ ಖಾರ ಬಿಸ್ಕತ್ತು ಕಲ್ಲಿನಂತಾಗುತ್ತದೆ. ಬೇಕರಿಯದರ ಹಾಗೆ ಬಾಯಲ್ಲಿಟ್ಟರೆ ಉದುರಬೇಕು. ಸೋಡಾ ಎಷ್ಟು ಹೆಚ್ಚಿಸಲಿ?

ಹೆಚ್ಚಿಸಬೇಡಿ. ಈಗ ಹಾಕುತ್ತಿರುವುದನ್ನೂ ಇಳಿಸಿ. ಊರೂರಿಗೆ ಅಯ್ಯಂಗಾರ್ ಬೇಕರಿಯವರನ್ನು ಕಳಿಸಿದ ಹಾಸನ ಜಿಲ್ಲೆಯಿಂದಲೇ ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತದಲ್ಲ, ಅದೊಂದು ತಮಾಷೆ.

ಚಕ್ಕುಲಿ ಮಾಡುವವರಿಗೆಲ್ಲ ಗೊತ್ತಿರುವ ಸಂಗತಿಯಿಂದ ಶುರು ಮಾಡೋಣ. ಹಿಟ್ಟಿಗೆ ಬೆಣ್ಣೆ ಕಮ್ಮಿಯಾದರೆ ಚಕ್ಕುಲಿ ಗಟ್ಟಿ, ಹೆಚ್ಚಾದರೆ ಎಣ್ಣೆಯಲ್ಲೇ ಪುಡಿಪುಡಿ. ಅಲ್ಲಿ ಯಾರೂ ಸೋಡಾ ಡಬ್ಬಿ ಹುಡುಕುವುದಿಲ್ಲ. ಅದೇ ಕೈ ಬಿಸ್ಕತ್ತಿಗೆ ಬಂದ ತಕ್ಷಣ ಸೋಡಾದ ಕಡೆಗೆ ಯಾಕೆ ಹೋಗುತ್ತದೋ!

ಒಬ್ಬಟ್ಟಿನ ಕಣಕ ನೆನಪಿಸಿಕೊಳ್ಳಿ. ನೀರು ಹಾಕಿ ನಾದಿ, ಎಣ್ಣೆಯಲ್ಲಿ ನೆನೆಸಿ, ಮತ್ತೆ ನಾದಿದಷ್ಟೂ ಅದು ರಬ್ಬರಿನಂತೆ ಎಳೆಯುತ್ತದೆ. ನೀರು ತಾಗಿದ ಮೈದಾದಲ್ಲಿ ಅಂಟಿನ ಜಾಲ ಕಟ್ಟುವುದರಿಂದ ಹಾಗಾಗುತ್ತದೆ. ಗ್ಲುಟೆನ್ ಎನ್ನುವುದು ಅದನ್ನೇ. ಒಬ್ಬಟ್ಟಿಗೆ ಆ ಜಾಲ ಬೇಕು, ಬಿಸ್ಕತ್ತಿಗೆ ಬೇಡವೇ ಬೇಡ. ನೀರಿಗಿಂತ ಮೊದಲು ಬೆಣ್ಣೆ ಹಿಟ್ಟಿನ ಕಣಕಣಕ್ಕೂ ಸವರಿಕೊಂಡರೆ ಜಾಲ ಉದ್ದಕ್ಕೆ ಬೆಳೆಯಲಾರದು, ಬಿಸ್ಕತ್ತು ಉದುರುತ್ತದೆ. ಮೊಸರು ಮೊದಲು ಸುರಿದು ಚಪಾತಿ ಹಿಟ್ಟಿನಂತೆ ತಿಕ್ಕಿ ತಿಕ್ಕಿ ನಾದಿದ ಮೇಲೆ ಎಷ್ಟು ಸೋಡಾ ಹಾಕಿದರೂ ಆ ಜಾಲ ಬಿಚ್ಚುವುದಿಲ್ಲ.

ಹಾಗಾದರೆ ಸೋಡಾದ ಕೆಲಸ ಏನು? ಮೊಸರಿನ ಹುಳಿಯೊಂದಿಗೆ ಸೇರಿ ಗಾಳಿಗುಳ್ಳೆ ಮಾಡುವುದು, ಅಷ್ಟೇ. ಕಾಲು ಟೀ ಚಮಚ ಸೋಡಾ ಪೂರ್ತಿ ಖರ್ಚಾಗಲು ಸುಮಾರು ಅರ್ಧ ಕಪ್ ಹುಳಿ ಮೊಸರು ಬೇಕು. ಈ ಬಿಸ್ಕತ್ತಿಗೆ ಹಾಕುವ ಮೊಸರು ಎರಡೇ ದೊಡ್ಡ ಚಮಚ. ಅದಕ್ಕೆ ಒಂದು ಚಿಟಿಕೆ ಧಾರಾಳ. ಮಿಕ್ಕ ಸೋಡಾ ಒಲೆಯ ಬಿಸಿಗೆ ಒಡೆದು ಒಂದಿಷ್ಟು ಗಾಳಿ ಬಿಡುತ್ತದೆ ನಿಜ, ಆದರೆ ಹಿಂದೆ ಉಳಿಯುವುದು ಸೋಡಿಯಂ ಕಾರ್ಬೋನೇಟ್, ಅಂದರೆ ವಾಷಿಂಗ್ ಸೋಡಾ. ಗಂಟಲಲ್ಲಿ ಸಾಬೂನಿನ ರುಚಿ, ಬಿಸ್ಕತ್ತಿಗೆ ಹಳದಿ ಬಣ್ಣ, ಅಲ್ಲಲ್ಲಿ ಕಂದು ಚುಕ್ಕೆ ಎಲ್ಲ ಅದರ ಕೊಡುಗೆ. ಇನ್ನೊಂದು ಹಾನಿ ಕಣ್ಣಿಗೆ ಬೀಳುವುದಿಲ್ಲ: ಕ್ಷಾರ ಹೆಚ್ಚಾದ ಹಿಟ್ಟು ಬೇಗ ಕೆಂಪಗಾಗುತ್ತದೆ. ಒಳಗಿನ ನೀರು ಆರುವ ಮುಂಚೆಯೇ ಬೆಂದಿತೆಂದು ಹೊರಗೆ ತೆಗೆಯುತ್ತೀರಿ, ಮಾರನೆಯ ದಿನ ಮೆತ್ತಗಾಯಿತೆಂದು ಮೈದಾವನ್ನು ಬಯ್ಯುತ್ತೀರಿ. ನಂಬಿಕೆ ಬರದಿದ್ದರೆ ಒಂದು ಸಲ ಸೋಡಾ ಇಲ್ಲದೆಯೇ ಮಾಡಿ ನೋಡಿ. ತುಸು ತೆಳ್ಳಗಿರುತ್ತದೆ, ಆದರೂ ಉದುರುತ್ತದೆ.

ಅಳತೆ ಇಷ್ಟು. ಮೈದಾ 250 ಗ್ರಾಂ, ಉಪ್ಪಿಲ್ಲದ ಬೆಣ್ಣೆ 125 ಗ್ರಾಂ, ಪುಡಿ ಸಕ್ಕರೆ 25 ಗ್ರಾಂ, ಉಪ್ಪು ಒಂದು ಟೀ ಚಮಚ, ಬೇಕಿಂಗ್ ಪೌಡರ್ ಅರ್ಧ ಟೀ ಚಮಚ, ಸೋಡಾ ಒಂದು ಚಿಟಿಕೆ, ಹುಳಿ ಮೊಸರು ಎರಡು ದೊಡ್ಡ ಚಮಚ, ಹಸಿಮೆಣಸಿನಕಾಯಿ ಐದು, ಕರಿಬೇವು ಎರಡು ಎಸಳು, ಕೊತ್ತಂಬರಿ ಸೊಪ್ಪು ಒಂದು ಹಿಡಿ. ಸಕ್ಕರೆ ಯಾಕೆಂದು ಕೇಳಬೇಡಿ, ಅದಿಲ್ಲದೆ ಬೇಕರಿಯ ರುಚಿ ಬರುವುದಿಲ್ಲ. ಸೊಪ್ಪನ್ನು ತೊಳೆದು ಬಟ್ಟೆಯ ಮೇಲೆ ಪೂರ್ತಿ ಆರಿಸಿ ಸಣ್ಣಗೆ ಹೆಚ್ಚಿ. ಮಿಕ್ಸಿಗೆ ಹಾಕಿದರೆ ನೀರು ಬಿಟ್ಟು ಹಿಟ್ಟು ಅಂಟಾಗುತ್ತದೆ.

ಮನೆ ಬೆಣ್ಣೆಯಾದರೆ ತಣ್ಣೀರಲ್ಲಿ ತೊಳೆದು ಮಜ್ಜಿಗೆಯನ್ನೆಲ್ಲ ಹಿಂಡಿ ತೆಗೆಯಿರಿ. ಅಂಗಡಿಯ ಬೆಣ್ಣೆಯಲ್ಲಿ ಕೊಬ್ಬು 80 ಶೇಕಡದಷ್ಟಿರುತ್ತದೆ, ಮನೆಯದರಲ್ಲಿ ನೀರಿನ ಅಂಶ ಅಂಗಡಿಯದಕ್ಕಿಂತ ಜಾಸ್ತಿ. ಹಾಗೇ ತೂಗಿ ಹಾಕಿದರೆ ನೀರನ್ನೂ ಬೆಣ್ಣೆಯ ಲೆಕ್ಕಕ್ಕೆ ಹಿಡಿದಂತಾಗುತ್ತದೆ.

ಸೋಡಾ, ಬೇಕಿಂಗ್ ಪೌಡರ್, ಉಪ್ಪು, ಸಕ್ಕರೆಯನ್ನು ಮೈದಾದೊಂದಿಗೆ ಜರಡಿ ಹಿಡಿದು, ತಣ್ಣನೆಯ ಬೆಣ್ಣೆಯನ್ನು ಬೆರಳ ತುದಿಯಲ್ಲಿ ಉಜ್ಜಿ ರವೆಯಂತೆ ಮಾಡಿ. ನಿಪ್ಪಟ್ಟಿಗೆ ನೋಡುವ ಹದವೇ ಇಲ್ಲೂ: ಮುಷ್ಟಿ ಕಟ್ಟಿದರೆ ಉಂಡೆ ನಿಲ್ಲಬೇಕು, ಬೆರಳಿಟ್ಟರೆ ಉದುರಬೇಕು. ಆಮೇಲೆ ಸೊಪ್ಪು, ಮೆಣಸಿನಕಾಯಿ. ಕೊನೆಗೆ ಮೊಸರು. ಒಟ್ಟುಗೂಡಿಸಿ ನಿಲ್ಲಿಸಿಬಿಡಿ, ನಾದಬೇಡಿ. ಇಪ್ಪತ್ತು ನಿಮಿಷ ಫ್ರಿಜ್ಜಿನಲ್ಲಿಟ್ಟು, ಅರ್ಧ ಸೆಂಟಿಮೀಟರಿಗಿಂತ ತುಸು ದಪ್ಪಕ್ಕೆ ಲಟ್ಟಿಸಿ ಕತ್ತರಿಸಿ. ಫೋರ್ಕಿನಿಂದ ಚುಚ್ಚುವುದನ್ನು ಮರೆಯಬೇಡಿ, ಇಲ್ಲದಿದ್ದರೆ ನಡುವೆ ಪೂರಿಯ ಹಾಗೆ ಉಬ್ಬುತ್ತದೆ. ಮೊದಲೇ ಕಾಯಿಸಿದ ಓವನ್ನಿನಲ್ಲಿ 170 ಡಿಗ್ರಿ, 20ರಿಂದ 22 ನಿಮಿಷ. ಅಂಚು ಕೆಂಪಗಾಗಿ ತಳ ತಿಳಿಕಂದು ಬಂದರೆ ಆಯಿತು. ಆಗ ಮುಟ್ಟಿದರೆ ಮೆತ್ತಗೇ ಇರುತ್ತದೆ. ಗಾಬರಿಯಾಗಿ ಮತ್ತೆ ಒಳಗಿಡಬೇಡಿ, ಆರಿದಾಗ ಗರಿಯಾಗುತ್ತದೆ.

ಯಾರೂ ಕೇಳದಿದ್ದರೂ ಮಳೆಗಾಲದ ಮಾತು ಹೇಳಲೇಬೇಕು. ಸಕಲೇಶಪುರ, ಮೂಡಿಗೆರೆ, ಕೊಪ್ಪದ ಕಡೆ ಜುಲೈನಲ್ಲಿ ಹಪ್ಪಳವೇ ಮೆತ್ತಗಾಗುವಾಗ ಬಿಸ್ಕತ್ತು ಎಲ್ಲಿ ಉಳಿದೀತು! ಒಣಗಿದ ಪದಾರ್ಥ ಗಾಳಿಯ ತೇವ ಎಳೆದುಕೊಳ್ಳುತ್ತದೆ, ಮಾಡಿದ್ದರಲ್ಲಿ ತಪ್ಪಿಲ್ಲ. ಆರಿದ ಕೂಡಲೇ ಬಿಗಿ ಮುಚ್ಚಳದ ಡಬ್ಬಿಗೆ ಹಾಕಿ. ಬಿಸಿ ಇರುವಾಗಲೇ ಮುಚ್ಚಿದರೆ ಅದರ ಹಬೆಯೇ ಅದನ್ನು ಕೆಡಿಸುತ್ತದೆ. ಮೆತ್ತಗಾದದ್ದನ್ನು 120 ಡಿಗ್ರಿಯಲ್ಲಿ ಎಂಟು ಹತ್ತು ನಿಮಿಷ ಇಟ್ಟು ಆರಿಸಿದರೆ ಮತ್ತೆ ಮೊದಲಿನಂತೆ. ಅದೇ ಡಬ್ಬಿಯಲ್ಲಿ ಕೇಕನ್ನೋ ಬ್ರೆಡ್ಡನ್ನೋ ಜೊತೆಗಿಟ್ಟರೆ ಮಾತ್ರ, ಬೇಸಿಗೆಯಲ್ಲೂ ಒಂದೇ ರಾತ್ರಿಗೆ ಮೆತ್ತಗಾಗುತ್ತದೆ.